ಔಷಧಿ ಕಿಟಕಿ: ಕಿತ್ತಳೆ ಬಣ್ಣದ ಎಳೆ

ರಾಜ್ಯೋತ್ಸವ ಸಂಚಿಕೆಗೆ ಲೇಖನ ಕೇಳುವಾಗ ಸಂಪಾದಕರು ಪ್ರತಿ ವರ್ಷ ಒಂದು ಮಾತು ಸೇರಿಸುತ್ತಾರೆ: “ಈ ಸಲ ಸ್ವಲ್ಪ ಹಗುರವಾಗಿರಲಿ.” ಹೋದ ವರ್ಷ ಊರಿನಿಂದ ಸೂಟ್‌ಕೇಸ್ ತುಂಬ ಮಾತ್ರೆ ತರುವವರ ಬಗ್ಗೆ ಬರೆದು ಕೆಲವರ ಮುನಿಸು ಕಟ್ಟಿಕೊಂಡಿದ್ದೆವು. ಈ ಸಲ ಹಗುರವಾದದ್ದನ್ನೇ ಬರೆಯಬೇಕು ಎಂದು ನಿಜವಾಗಿಯೂ ಅಂದುಕೊಂಡಿದ್ದೆವು. ಆದರೆ ಜುಲೈಯ ರಜೆಯಲ್ಲಿ ಊರಿಗೆ ಹೋಗುವ ಬದಲು ಆಸ್ಟ್ರೇಲಿಯಾಕ್ಕೆ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ತಂಗಿಯ ಮನೆಗೆ ಹೋದೆವು. ಅಲ್ಲಿ ಕಂಡದ್ದನ್ನು ಬಿಟ್ಟು ಬೇರೆ ಏನನ್ನೂ ಬರೆಯಲು ಮನಸ್ಸಾಗಲಿಲ್ಲ. ತಂಗಿ, ಭಾವ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ಇಲ್ಲಿ 46 ಡಿಗ್ರಿ ಬಿಸಿಲಿನಲ್ಲಿ ವಿಮಾನ ಹತ್ತಿ ಅಲ್ಲಿ ಸ್ವೆಟರ್ ಹಾಕಿಕೊಂಡು ಇಳಿಯುವುದು ಒಂಥರಾ ಮೋಜು. ವೆಸ್ಟ್‌ಮೀಡ್ ಅಂದರೆ ಆಸ್ಪತ್ರೆಗಳ ಊರು. 1978ರಲ್ಲಿ ಶುರುವಾದ ದೊಡ್ಡ ಆಸ್ಪತ್ರೆ, 1995ರಲ್ಲಿ ಇಲ್ಲಿಗೆ ಬಂದ ಮಕ್ಕಳ ಆಸ್ಪತ್ರೆ, ಅವುಗಳ ಸುತ್ತ ಸಂಶೋಧನಾಲಯಗಳು, ಎಲ್ಲವೂ ಹಾಕ್ಸ್‌ಬರಿ ರಸ್ತೆಯ ಆಸುಪಾಸಿನಲ್ಲೇ. 2024ರ ಡಿಸೆಂಬರಿನಲ್ಲಿ ಬಂದ ಲೈಟ್ ರೈಲ್ ಕೂಡ ಇಲ್ಲಿಂದಲೇ ಹೊರಡುತ್ತದೆ. ಪಕ್ಕದ ವೆಂಟ್‌ವರ್ತ್‌ವಿಲ್‌ನಲ್ಲಿ ಇಡ್ಲಿ ರವೆ, ಕರಿಬೇವು, ಬಾಳೆಎಲೆ ಎಲ್ಲ ಸಿಗುತ್ತದೆ. ಸಂಜೆ ರೈಲ್ವೆ ಸ್ಟೇಷನ್ ಹತ್ತಿರ ನಿಂತರೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ.

ಬಾಗಿಲು ತೆರೆದದ್ದು ಒಂಬತ್ತು ವರ್ಷದ ಸೋದರಳಿಯ. ಬಲಗೈಗೆ ಹಸಿರು ಪ್ಲಾಸ್ಟರ್. “ಮಾವ, ಇದು ಮೂರನೇದು,” ಎಂದ, ಏನೋ ಪದಕ ಗೆದ್ದವನ ಹಾಗೆ. ಮೊದಲನೆಯದು ನಾಲ್ಕು ವರ್ಷಕ್ಕೆ, ಸೋಫಾದಿಂದ ಇಳಿಯುವಾಗ. ಎರಡನೆಯದು ಶಾಲೆಯಲ್ಲಿ. ಈ ಮೂರನೆಯದು ಬಾಗಿಲು ತಳ್ಳುವಾಗ. ಎರಡು ಸಲ ನೋಡಿದ ಒಬ್ಬ ವೈದ್ಯರು “ಗಂಡು ಮಕ್ಕಳಲ್ಲವೇ, ಬೀಳುತ್ತಾರೆ” ಎಂದು ಕಳಿಸಿದ್ದರಂತೆ. ಮೂರನೆಯ ಸಲ ನೋಡಿದ ಯುವ ವೈದ್ಯೆ ಕೈಯನ್ನು ಬಿಟ್ಟು ಮೊದಲು ಕಣ್ಣು ನೋಡಿದರು. ಕಣ್ಣಿನ ಬಿಳಿ ಭಾಗ ತುಸು ನೀಲಿ. ಹುಟ್ಟಿದಾಗಿನಿಂದಲೂ ಹಾಗೆಯೇ. ಅದನ್ನು ನೋಡಿ ಅಜ್ಜಿ “ಕೃಷ್ಣನ ಕಣ್ಣು” ಎಂದು ದೃಷ್ಟಿ ತೆಗೆಯುತ್ತಿದ್ದರು. ಆ ನೀಲಿ ಒಂದು ಗುರುತು. ರಕ್ತ ಪರೀಕ್ಷೆಗೆ ಹೋಯಿತು, ವಂಶವಾಹಿ ವರದಿ ಬಂತು. ಮೂಳೆಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಸಾವಿರಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ಬದಲಾಗಿದೆ, ಗ್ಲೈಸಿನ್ ಇರಬೇಕಾದ ಕಡೆ ಸೆರಿನ್ ಇದೆ ಎಂದು ಬರೆದಿತ್ತು. ಕೊನೆಯಲ್ಲಿ ತೀರ್ಪು: “ಬಹುಶಃ ರೋಗಕಾರಕ.”

ಕಾಯಿಲೆಯ ಹೆಸರು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಸರಳವಾಗಿ ಹೇಳುವುದಾದರೆ ಸುಲಭವಾಗಿ ಮುರಿಯುವ ಮೂಳೆ.

ಮನೆಯಲ್ಲಿ ಇಬ್ಬರು ಎರಡು ರೀತಿಯಲ್ಲಿ ನವೆಯುತ್ತಿದ್ದರು. ತಂಗಿಯ ನೋವು ಫೋನಿನಿಂದ ಬರುತ್ತಿತ್ತು. ವಿಷಯ ತಿಳಿದ ದಿನದಿಂದ ಊರಿನಲ್ಲಿರುವ ಅತ್ತೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನಮ್ಮ ಕಡೆ ಯಾರಿಗೂ ಇಲ್ಲ. ನಿಮ್ಮ ಕಡೆ ಯಾರಿಗಾದರೂ ಇತ್ತಾ?” ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅದು. ಆದರೆ ವಾರಕ್ಕೆ ಮೂರು ಸಲ ಕೇಳಿದರೆ ಒಳ್ಳೆಯ ಮನಸ್ಸಿನ ಪ್ರಶ್ನೆಯೂ ಮುಳ್ಳಾಗುತ್ತದೆ. ತಂಗಿ ನಮ್ಮನ್ನು ಅಡುಗೆಮನೆಗೆ ಕರೆದು, “ಅಣ್ಣ, ನಮ್ಮ ಸಣ್ಣಜ್ಜಿಗೆ ಸೊಂಟ ಮುರಿದಿತ್ತಲ್ಲ, ಅದು ಇದೇನಾ?” ಎಂದು ಕೇಳಿದಳು. ಸಣ್ಣಜ್ಜಿಗೆ ಆಗ ಎಂಬತ್ತೆರಡು. ಬಚ್ಚಲಲ್ಲಿ ಜಾರಿದ್ದರು. ಅದನ್ನು ಹೇಳಿದರೂ ತಂಗಿಯ ಮುಖ ಸಡಿಲವಾಗಲಿಲ್ಲ.

ಭಾವನದು ಬೇರೆ. ಅವರು ಸಾಫ್ಟ್‌ವೇರಿನವರು, ಪರಮಾಟ್ಟದಲ್ಲಿ ಆಫೀಸು. “ಬಹುಶಃ” ಎಂಬ ಒಂದು ಪದ ಅವರಿಗೆ ಹುಲ್ಲುಕಡ್ಡಿಯಂತೆ ಸಿಕ್ಕಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಎರಡನೇ ರಾತ್ರಿ ನಮ್ಮನ್ನು ಕರೆದರು. ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಎರಡೂ ನೂಡಲ್ಸ್ ಚೆಲ್ಲಿದ ಹಾಗೆ.

“ಭಾವ, ಇದು ಆಲ್ಫಾಫೋಲ್ಡ್. ನೊಬೆಲ್ ಬಂದದ್ದು ಇದಕ್ಕೇ. ಎಡಗಡೆ ಸರಿಯಾದ ಕೊಲಾಜೆನ್. ಬಲಗಡೆ ಇವನದ್ದು, ಒಂದು ಅಕ್ಷರ ಬದಲಿಸಿ ಹಾಕಿದೆ. ಒಂದರ ಮೇಲೆ ಒಂದು ಇಟ್ಟು ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾದ್ರೆ ಆ ವರದಿ ತಪ್ಪಿರಬಹುದಲ್ವಾ? ನೀವು ಮೆಡಿಕಲ್ ಲೈನಿನವರು, ಹೇಳಿ ಮಾರಾಯ್ರೆ.”

ನಾವು ಮೆಡಿಕಲ್ ಲೈನಿನವರು ಹೌದು, ಆದರೆ ಓದಿದ್ದು ಫಾರ್ಮಸಿ ಡಿಪ್ಲೊಮಾ. ಕಿಟಕಿಯ ಈಚೆ ನಿಂತು ಚೀಟಿ ಓದಿ ಔಷಧಿ ಕೊಡುವವರು. ಆ ರಾತ್ರಿ ಉತ್ತರ ಹೇಳಲಿಲ್ಲ. “ನಾಳೆ ಹೇಳುತ್ತೇವೆ” ಎಂದು ಮಲಗಿದೆವು. ಮುಂದಿನ ಕೆಲವು ದಿನ ತಿರುಗಾಟ ಬಿಟ್ಟು ಓದಿದೆವು. ಸಿಡ್ನಿಯ ಹಾರ್ಬರ್ ಸೇತುವೆಯನ್ನು ನಾವು ಇನ್ನೂ ದೂರದಿಂದಷ್ಟೇ ನೋಡಿದವರು.

ಓದಿದ ಮೇಲೆ ತಿಳಿದದ್ದು ಇಷ್ಟು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಅದರಲ್ಲಿ 20. ಸರ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬಂದಾಗಲೇ ಕೆಲಸ ಮಾಡುತ್ತದೆ. ಆ ಆಕಾರದ ಗುಟ್ಟು ಅಕ್ಷರಗಳ ಸಾಲಿನಲ್ಲೇ ಇದೆ ಎಂದು ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್ಸೆನ್‌ಗೆ 1972ರಲ್ಲಿ ನೊಬೆಲ್ ಬಂತು. ಹಾಗಿದ್ದರೆ ಸಾಲನ್ನು ಓದಿಯೇ ಆಕಾರ ಹೇಳಬಹುದಲ್ಲ? ಅಲ್ಲಿಂದ ಶುರುವಾಯಿತು ಐವತ್ತು ವರ್ಷದ ಒದ್ದಾಟ.

ಇದು ನಮ್ಮ ಕಸುಬಿನವರಿಗೆ ಸುಲಭವಾಗಿ ಅರ್ಥವಾಗುವ ಒದ್ದಾಟ. ಈಗ ಎಲ್ಲ ಆಸ್ಪತ್ರೆಗಳಲ್ಲೂ ಕಂಪ್ಯೂಟರ್ ಚೀಟಿ ಬಂದಿದೆ. ಆದರೆ ನಾವು ಕೆಲಸಕ್ಕೆ ಸೇರಿದಾಗ ಡಾಕ್ಟರ ಕೈಬರಹವೇ ಗತಿ. ಒಂದು ಪದ ಓದಲು ಬರದಿದ್ದರೆ ಅದನ್ನೇ ದಿಟ್ಟಿಸುವುದಿಲ್ಲ, ಅಕ್ಕಪಕ್ಕ ನೋಡುತ್ತೇವೆ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ವಾರ್ಡಿನಿಂದ ಬಂತು. 1974ರಲ್ಲಿ ಚೌ ಮತ್ತು ಫಾಸ್ಮನ್ ಎಂಬಿಬ್ಬರು ಆಗ ಆಕಾರ ಗೊತ್ತಿದ್ದ 15 ಪ್ರೋಟೀನುಗಳನ್ನು ಇಟ್ಟುಕೊಂಡು, ಯಾವ ಅಕ್ಷರ ಸುರುಳಿಯಲ್ಲಿ ಹೆಚ್ಚು ಬರುತ್ತದೆ, ಯಾವುದು ಪಟ್ಟಿಯಲ್ಲಿ ಹೆಚ್ಚು ಬರುತ್ತದೆ ಎಂದು ಎಣಿಸಿದರು. ನೂರಕ್ಕೆ ಐವತ್ತು ಅರವತ್ತು ಸರಿ ಬರುತ್ತಿತ್ತು, ಅಷ್ಟೇ. 1988ರಲ್ಲಿ ಚಿಯಾನ್ ಮತ್ತು ಸೆಜ್ನೋವ್‌ಸ್ಕಿ ಯಂತ್ರಕ್ಕೇ ಕಲಿಯಲು ಬಿಟ್ಟರು. ಒಂದು ಸಲಕ್ಕೆ 13 ಅಕ್ಷರದ ಕಿಟಕಿ, ನಡುವಿನ ಅಕ್ಷರ ಸುರುಳಿಯೋ ಪಟ್ಟಿಯೋ ಎರಡೂ ಅಲ್ಲವೋ ಹೇಳು ಎಂದು. ನೂರಕ್ಕೆ 64 ಬಂತು. ಅಕ್ಕಪಕ್ಕ ನೋಡುವ ವಿದ್ಯೆಯೇ ಇದು.

ಆಮೇಲೆ ಬಂದದ್ದು ಇನ್ನೂ ಜಾಣತನದ್ದು. ಕೈಬರಹ ಅರ್ಥವಾಗದಿದ್ದರೆ ಅದೇ ರೋಗಿಯ ಹಳೆಯ ಚೀಟಿಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತೇವಲ್ಲ, ಹಾಗೆ. ಮನುಷ್ಯನ ಪ್ರೋಟೀನಿಗೆ ಇಲಿ, ಕೋಳಿ, ಮೀನು, ಯೀಸ್ಟಿನಲ್ಲೆಲ್ಲ ದಾಯಾದಿಗಳಿದ್ದಾರೆ. ಆ ಸಾಲುಗಳನ್ನೆಲ್ಲ ಒಂದರ ಕೆಳಗೆ ಒಂದು ಜೋಡಿಸಿದರೆ ಬದಲಾಗದ ಜಾಗ ಯಾವುದು, ಒಟ್ಟಿಗೆ ಬದಲಾಗುವ ಜಾಗಗಳು ಯಾವುವು ಎಂದು ಕಾಣುತ್ತದೆ. 1993ರಲ್ಲಿ ರೋಸ್ಟ್ ಮತ್ತು ಸ್ಯಾಂಡರ್ ಇದನ್ನು ಯಂತ್ರಕ್ಕೆ ಕೊಟ್ಟಾಗ ಲೆಕ್ಕ 70 ದಾಟಿತು. ಒಟ್ಟಿಗೆ ಬದಲಾಗುವ ಜಾಗಗಳ ವಿಷಯ ಇನ್ನೂ ಸ್ವಾರಸ್ಯದ್ದು. ಬಾಗಿಲಿನ ಚಿಲಕ ಬದಲಿಸಿದರೆ ಚೌಕಟ್ಟಿನ ಕೊಂಡಿಯನ್ನೂ ಬದಲಿಸಬೇಕು. ಸಾಲಿನಲ್ಲಿ ದೂರ ದೂರ ಇರುವ ಎರಡು ಅಕ್ಷರ ಸಾವಿರ ಜೀವಿಗಳಲ್ಲಿ ಜೊತೆಜೊತೆಯಾಗಿ ಬದಲಾಗುತ್ತಿದ್ದರೆ, ಮಡಚಿದಾಗ ಅವು ಒಂದನ್ನೊಂದು ಮುಟ್ಟುತ್ತಿರಬೇಕು.

ಈ ಎಲ್ಲ ವಿದ್ಯೆಗಳನ್ನು ಅರೆದು ಕುಡಿದದ್ದೇ ಆಲ್ಫಾಫೋಲ್ಡ್. 1994ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಕ್ಯಾಸ್ಪ್ ಎಂಬ ಪಂದ್ಯದಲ್ಲಿ, ಪ್ರಯೋಗದಿಂದ ಕಂಡುಹಿಡಿದರೂ ಇನ್ನೂ ಪ್ರಕಟವಾಗದ ಆಕಾರಗಳನ್ನು ಊಹಿಸಬೇಕು. 2020ರಲ್ಲಿ ಆಲ್ಫಾಫೋಲ್ಡ್‌ನ ಎರಡನೇ ಆವೃತ್ತಿಯ ಮಧ್ಯಮ ಅಂಕ 100ಕ್ಕೆ 92.4. ಮುಂದಿನ ವರ್ಷ ಮನುಷ್ಯನ ಬಹುತೇಕ ಎಲ್ಲ ಪ್ರೋಟೀನುಗಳ ಚಿತ್ರ ಉಚಿತವಾಗಿ ಹೊರಬಂತು. 2022ರಲ್ಲಿ ಆ ಸಂಗ್ರಹ 20 ಕೋಟಿ ದಾಟಿತು. 2024ರ ರಸಾಯನಶಾಸ್ತ್ರದ ನೊಬೆಲಿನಲ್ಲಿ ಅರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಉಳಿದರ್ಧ ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ. ಒಂದು ಮಾತು ಮರೆಯಬಾರದು. ಯಂತ್ರ ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ಅದು 1971ರಲ್ಲಿ 7 ಆಕಾರಗಳೊಂದಿಗೆ ಶುರುವಾಗಿ ಸುಮಾರು 1,70,000ಕ್ಕೆ ಬೆಳೆದಿತ್ತು. ಅವುಗಳಲ್ಲಿ ಬಹುಪಾಲಿನ ಹಿಂದೆ ಯಾರೋ ಹರಳು ಬೆಳೆಸುತ್ತಾ ಕಳೆದ ತಿಂಗಳು, ವರ್ಷಗಳಿವೆ.

ಆಕಾರ ಗೊತ್ತಾದರೆ ನಮಗೇನು ಲಾಭ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ್ದೇ ಉದಾಹರಣೆ ಇದೆ. ಫ್ಲೂ ವೈರಸ್ಸಿನ ನ್ಯೂರಮಿನಿಡೇಸ್ ಎಂಬ ಪ್ರೋಟೀನಿನ ಆಕಾರವನ್ನು ಮೆಲ್ಬರ್ನಿನಲ್ಲಿ ಪೀಟರ್ ಕೋಲ್ಮನ್, ಹೋಸೆ ವರ್ಗೀಸ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಕುಳಿ ಇತ್ತು. ವೈರಸ್ ಎಷ್ಟು ವೇಷ ಬದಲಿಸಿದರೂ ಆ ಕುಳಿ ಬದಲಾಗುವುದಿಲ್ಲ. ಆ ಕುಳಿಗೆ ಸರಿಯಾಗಿ ಕೂರುವ ಬಿರಡೆಯನ್ನು ಅದೇ ಊರಿನ ವಿಕ್ಟೋರಿಯನ್ ಕಾಲೇಜ್ ಆಫ್ ಫಾರ್ಮಸಿಯಲ್ಲಿ ಮಾರ್ಕ್ ಫಾನ್ ಇಟ್ಸ್‌ಸ್ಟೈನ್ ತಂಡ ತಯಾರಿಸಿತು. ಫಾರ್ಮಸಿ ಕಾಲೇಜು ಎಂಬುದನ್ನು ದಯವಿಟ್ಟು ಗಮನಿಸಿ! 1999ರಲ್ಲಿ ಮಾರುಕಟ್ಟೆಗೆ ಬಂದ ರೆಲೆನ್ಜಾ ಎಂಬ ಸೇದುವ ಪುಡಿ ಅದೇ. ಕುರುಡಾಗಿ ಸಾವಿರ ರಾಸಾಯನಿಕ ಸುರಿದು ನೋಡಿದ್ದಲ್ಲ, ಬೀಗ ನೋಡಿ ಕೀಲಿ ಮಾಡಿದ್ದು.

ನಾಲ್ಕನೇ ರಾತ್ರಿ ನಾವೇ ಭಾವನನ್ನು ಕರೆದು ಆ ಎರಡು ಚಿತ್ರಗಳನ್ನು ಮತ್ತೆ ತೆರೆಸಿದೆವು.

“ಭಾವ, ಆಕಾರ ಆಮೇಲೆ. ಬಣ್ಣ ಯಾವುದು ಹೇಳಿ.”

“ಬಹಳಷ್ಟು ಕಿತ್ತಳೆ. ಈ ತುದಿಯಲ್ಲಿ ಮಾತ್ರ ನೀಲಿ.”

ಆ ಬಣ್ಣ ಅಲಂಕಾರಕ್ಕಲ್ಲ. ಆಲ್ಫಾಫೋಲ್ಡ್ ಪ್ರತಿ ಅಕ್ಷರಕ್ಕೂ ತನ್ನ ಭರವಸೆ ಎಷ್ಟು ಎಂದು 100ಕ್ಕೆ ಅಂಕ ಕೊಡುತ್ತದೆ. 90ರ ಮೇಲೆ ಕಡುನೀಲಿ, 70ರಿಂದ 90 ತಿಳಿನೀಲಿ, 50ರಿಂದ 70 ಹಳದಿ, 50ಕ್ಕಿಂತ ಕೆಳಗೆ ಕಿತ್ತಳೆ. ಕಿತ್ತಳೆ ಅಂದರೆ “ಇಲ್ಲಿ ನಾನು ಬರೆದದ್ದನ್ನು ನಂಬಬೇಡಿ” ಎಂದು ಯಂತ್ರವೇ ಹೇಳುವುದು. 2021ರಲ್ಲಿ ಮನುಷ್ಯನ ಎಲ್ಲ ಪ್ರೋಟೀನುಗಳ ಚಿತ್ರ ಪ್ರಕಟಿಸಿದಾಗ ಒಟ್ಟು ಅಕ್ಷರಗಳಲ್ಲಿ 70ರ ಮೇಲೆ ಅಂಕ ಬಂದದ್ದು ಶೇಕಡಾ 58ಕ್ಕೆ. ಉಳಿದ 42ರಲ್ಲಿ ಕೆಲವು ನಿಜವಾಗಿಯೂ ಆಕಾರವಿಲ್ಲದ ಭಾಗಗಳು, ಕೆಲವು ಯಂತ್ರಕ್ಕೆ ಎಟುಕದವು. ಈ ಅಂಕ ಕೊಡುವ ಗುಣ ನಮಗೆ ಬಹಳ ಹಿಡಿಸಿತು. ನಮ್ಮ ಕಸುಬಿನಲ್ಲಿ ಓದಲು ಬರದ ಚೀಟಿ ಅಪಾಯವಲ್ಲ, ಫೋನ್ ಮಾಡಿ ಕೇಳಿದರಾಯಿತು. ತಪ್ಪಾಗಿ ಓದಿ ಸರಿ ಎಂದು ನಂಬಿದ ಚೀಟಿಯೇ ಅಪಾಯ. ಲೋಸೆಕ್ ಮತ್ತು ಲಾಸಿಕ್ಸ್ ಅದಲುಬದಲಾದ ಕಥೆ ಹಳೆಯ ಫಾರ್ಮಸಿಸ್ಟರಿಗೆಲ್ಲ ಗೊತ್ತು. ಒಂದು ಹೊಟ್ಟೆಯ ಆಮ್ಲಕ್ಕೆ, ಇನ್ನೊಂದು ಮೂತ್ರ ಹೋಗುವುದಕ್ಕೆ. ಅಮೆರಿಕದಲ್ಲಿ ಲೋಸೆಕ್‌ನ ಹೆಸರನ್ನೇ ಬದಲಿಸಬೇಕಾಯಿತು.

ಹಾಗಾದರೆ ಕೊಲಾಜೆನ್ ಯಾಕೆ ಕಿತ್ತಳೆ? ಕೊಲಾಜೆನ್ ಒಂಟಿಯಾಗಿ ಬದುಕುವ ಪ್ರೋಟೀನ್ ಅಲ್ಲ. ನಮ್ಮ ಕಡೆ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಮೂರು ಎಳೆ ಸೇರಿ ಹೊಸೆದರೆ ಹಗ್ಗ, ಬಿಡಿ ಎಳೆ ಬರೀ ನಾರು. ಭಾವ ಯಂತ್ರಕ್ಕೆ ಕೊಟ್ಟದ್ದು 1464 ಅಕ್ಷರದ ಒಂದೇ ಎಳೆ. ಎಳೆಯೊಂದನ್ನು ತೋರಿಸಿ ಹಗ್ಗದ ಬಲ ಕೇಳಿದ ಹಾಗಾಯಿತು. ಅದರ ಮೇಲೆ, ಒಂದು ಅಕ್ಷರ ಬದಲಾದರೆ ಏನಾಗುತ್ತದೆ ಎಂದು ಹೇಳುವುದಕ್ಕೆ ಈ ಯಂತ್ರವನ್ನು ಒರೆಗೆ ಹಚ್ಚಿಲ್ಲ ಎಂದು ಆ ಸಂಗ್ರಹವನ್ನು ನಡೆಸುವವರೇ ಎಚ್ಚರಿಸಿದ್ದಾರೆ. ಎರಡು ಚಿತ್ರ ಒಂದೇ ಥರ ಕಂಡದ್ದು ಮಗು ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯಾಗಲಿಲ್ಲ. ಎರಡೂ ಕಡೆ “ನನಗೆ ಗೊತ್ತಿಲ್ಲ” ಎಂಬ ಒಂದೇ ಉತ್ತರ ಬಂದಿತ್ತು, ಅಷ್ಟೇ.

ತಮಾಷೆ ಎಂದರೆ, ಈ ಯಂತ್ರಕ್ಕೆ ಎಟುಕದ ಹಗ್ಗದ ಆಕಾರ ಎಪ್ಪತ್ತು ವರ್ಷದ ಹಿಂದೆಯೇ ಮದರಾಸಿನಲ್ಲಿ ಗೊತ್ತಾಗಿತ್ತು. ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು ಎರ್ನಾಕುಲಂ, ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಕೈಕೆಳಗೆ ಪಳಗಿದವರು. ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, 1954ರಲ್ಲಿ, ಗೋಪಿನಾಥ್ ಕರ್ತಾ ಜೊತೆ ಸೇರಿ ಕೊಲಾಜೆನ್ ಮೂರು ಎಳೆಯ ರಚನೆ ಎಂದು ಪ್ರಕಟಿಸಿದರು, ಮುಂದಿನ ವರ್ಷ ತಿದ್ದಿ ಪೂರ್ತಿ ಮಾಡಿದರು. ಅವರ ಎಕ್ಸ್‌-ರೇ ಚಿತ್ರಗಳಿಗೆ ಬಳಸಿದ ಅಚ್ಚುಕಟ್ಟಾದ ಕೊಲಾಜೆನ್ ಯಾವುದರದ್ದು ಗೊತ್ತೇ? ಕಾಂಗರೂ ಬಾಲದ ಸ್ನಾಯುರಜ್ಜು! ಇದನ್ನು ಕೇಳಿದ ಅಳಿಯ ನಮ್ಮನ್ನು ಅಷ್ಟಕ್ಕೇ ಬಿಡಲಿಲ್ಲ. ಆ ಕಾಂಗರೂವಿನ ಹೆಸರೇನು, ಮದರಾಸಿಗೆ ಯಾರು ತಂದರು, ಅದಕ್ಕೆ ನೋವಾಯಿತಾ ಎಂದು ಎರಡು ದಿನ ಕಾಡಿದ.

ಆ ಹಗ್ಗದಲ್ಲಿ ಮೂರು ಎಳೆಗಳೂ ನಡುವಿನಲ್ಲಿ ಒತ್ತಿಕೊಂಡಿರುತ್ತವೆ. ಅಲ್ಲಿ ಕೂರಲು ಜಾಗ ಇರುವುದು ಎಲ್ಲರಿಗಿಂತ ಚಿಕ್ಕವನಾದ ಗ್ಲೈಸಿನ್‌ಗೆ ಮಾತ್ರ. ಅದರ ಪಕ್ಕಕ್ಕೆ ಚಾಚಿಕೊಂಡಿರುವುದು ಬರೀ ಒಂದು ಹೈಡ್ರೋಜನ್. ಅದಕ್ಕೇ ಪ್ರತಿ ಮೂರನೇ ಅಕ್ಷರ ಗ್ಲೈಸಿನ್, ಹೀಗೆ 338 ಸಲ. ತುಂಬಿದ ಬಸ್ಸಿನ ಮೂವರ ಸೀಟಿನಲ್ಲಿ ಮಗುವಿನ ಜಾಗಕ್ಕೆ ಸ್ವಲ್ಪ ದಪ್ಪದವರು ಬಂದು ಕೂತರೆ ಏನಾಗುತ್ತದೋ, ಗ್ಲೈಸಿನ್ ಜಾಗಕ್ಕೆ ಸೆರಿನ್ ಬಂದರೆ ಅದೇ ಆಗುತ್ತದೆ. ಹೊಸೆತ ಅಲ್ಲಿ ತಡವರಿಸುತ್ತದೆ. ಮೂಳೆಯ ಕೊಲಾಜೆನ್ನಿನ ಮೂರು ಎಳೆಗಳಲ್ಲಿ ಎರಡು ಒಂದೇ ಜಾತಿಯವು. ಮಗುವಿನಲ್ಲಿ ಆ ಜಾತಿಯ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೂ ಲೆಕ್ಕ ಹಾಕಿ ನೋಡಿ: ಎರಡೂ ಒಳ್ಳೆಯ ಎಳೆ ಸಿಗುವ ಹಗ್ಗ ನಾಲ್ಕರಲ್ಲಿ ಒಂದೇ. ಮೂರರಲ್ಲಿ ಎಲ್ಲಾದರೂ ಒಂದು ಕೆಟ್ಟ ಎಳೆ ಸೇರಿಕೊಂಡಿರುತ್ತದೆ. ಭಾವ ಗಣಿತದವರು. ಈ ಲೆಕ್ಕ ಹೇಳಿದಾಗ ಲ್ಯಾಪ್‌ಟಾಪ್ ಮುಚ್ಚಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಲೆಕ್ಕ ಹೇಳಬಾರದಿತ್ತೇನೋ ಎಂದು ನಮಗೆ ರಾತ್ರಿಯೆಲ್ಲ ಅನ್ನಿಸುತ್ತಲೇ ಇತ್ತು.

ಚಿತ್ರ ಒಂದೇ ಇದ್ದು ಕಾಯಿಲೆ ಇರುವುದು ಕೊಲ್ಲಿಯಲ್ಲಿರುವ ನಮಗೆ ಹೊಸದಾಗಬಾರದು. ಬಹರೇನಿನಲ್ಲಿ, ಸೌದಿಯ ಪೂರ್ವ ಭಾಗದಲ್ಲಿ ಸಿಕಲ್ ಸೆಲ್ ಎಷ್ಟು ಸಾಮಾನ್ಯ ಎಂದು ಇಲ್ಲಿನ ಆಸ್ಪತ್ರೆಯವರಿಗೆಲ್ಲ ಗೊತ್ತು. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟುಗಳಲ್ಲೂ ಇದೆ. ಅಲ್ಲೂ ಒಂದೇ ಅಕ್ಷರ, ಬೀಟಾ ಸರದ ಆರನೆಯದು. ಬಿಡಿಯಾಗಿ ನೋಡಿದರೆ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಮೊದಲಿನ ಹಾಗೆಯೇ ಮಡಚಿರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಯಾಗುತ್ತದೆ, ಕೆಂಪು ಕಣ ಕುಡುಗೋಲಾಗುತ್ತದೆ. ನಮ್ಮ ಕಿಟಕಿಗೆ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ತೆಗೆದುಕೊಳ್ಳಲು ಬರುವವರಿಗೆ ಅವರ ಹಿಮೋಗ್ಲೋಬಿನ್ನಿನ ಮಡಿಕೆ ಸರಿಯಾಗಿದೆ ಎಂದರೆ ಏನು ಸಮಾಧಾನ?

ಮರುವಾರ ಮಕ್ಕಳ ಆಸ್ಪತ್ರೆಗೆ ಎಲ್ಲರೂ ಹೋದೆವು. ವಂಶವಾಹಿ ಸಲಹೆಗಾರ್ತಿ ಭಾವನ ಮಾತನ್ನು ನಗದೆ ಪೂರ್ತಿ ಕೇಳಿದರು. ಅದೇ ದೊಡ್ಡ ಗುಣ ಅನ್ನಿಸಿತು. ಒಂದಕ್ಷರದ ಬದಲಾವಣೆಗಳಿಗೆಂದೇ ಆಲ್ಫಾಫೋಲ್ಡ್ ಮಾಡಿದವರು 2023ರಲ್ಲಿ ಆಲ್ಫಾಮಿಸೆನ್ಸ್ ಎಂಬ ಇನ್ನೊಂದು ಪ್ರೋಗ್ರಾಮ್ ತಂದಿದ್ದಾರೆ, ಮನುಷ್ಯನಲ್ಲಿ ಸಾಧ್ಯವಿರುವ 7.1 ಕೋಟಿ ಬದಲಾವಣೆಗಳಲ್ಲಿ ಶೇಕಡಾ 57 ಬಹುಶಃ ನಿರಪಾಯ, 32 ಬಹುಶಃ ರೋಗಕಾರಕ, ಉಳಿದದ್ದು ಹೇಳಲಾಗದು ಎಂದು ವಿಂಗಡಿಸಿದೆ ಎಂದರು. ಆದರೆ 2015ರಿಂದ ಜಗತ್ತಿನ ಪ್ರಯೋಗಾಲಯಗಳು ಅನುಸರಿಸುತ್ತಿರುವ ಅಮೆರಿಕದ ಮಾರ್ಗಸೂಚಿಯಲ್ಲಿ ಕಂಪ್ಯೂಟರಿನ ಊಹೆಗೆ ಸಿಗುವುದು ಬರೀ ಪೋಷಕ ಸಾಕ್ಷಿಯ ಜಾಗ. “ಬಹುಶಃ” ಎಂಬ ಪದಕ್ಕೂ ಅದರಲ್ಲಿ ಅಳತೆ ಇದೆ: ನೂರಕ್ಕೆ 90ಕ್ಕಿಂತ ಹೆಚ್ಚು ಖಚಿತ ಎಂದರ್ಥ. ನಾವು ಮನೆಯಲ್ಲಿ “ಬಹುಶಃ ನಾಳೆ ಬರುತ್ತೇನೆ” ಎನ್ನುವ ಬಹುಶಃ ಅಲ್ಲ ಅದು. ಯಾರಾದರೂ ಮೊದಲೇ ಹೇಳಿದ್ದರೆ ಭಾವನ ಕೆಲವು ರಾತ್ರಿಗಳು ಉಳಿಯುತ್ತಿದ್ದವು.

ಈ ಊರಿಗೆ ಈ ಕಾಯಿಲೆಯೊಂದಿಗೆ ಹಳೆಯ ನಂಟೂ ಇದೆ. ಇಡೀ ಜಗತ್ತು ಈ ಕಾಯಿಲೆಯನ್ನು ನಾಲ್ಕು ಬಗೆ ಎಂದು ವಿಂಗಡಿಸಲು ಕಲಿತದ್ದು ಡೇವಿಡ್ ಸಿಲೆನ್ಸ್ ಅವರ 1979ರ ಲೇಖನದಿಂದ. ಮೆಲ್ಬರ್ನಿನಲ್ಲಿದ್ದಾಗ ಮನೆಮನೆಯ ರೋಗಿಗಳನ್ನು ಕಂಡು, ವಂಶವೃಕ್ಷ ಬರೆದು, ಕಣ್ಣಿನ ಬಣ್ಣ, ಹಲ್ಲು, ಕಿವಿ ಎಲ್ಲ ನೋಡಿ ಮಾಡಿದ ವಿಂಗಡಣೆ. ಆಮೇಲೆ ಅವರು ಇದೇ ವೆಸ್ಟ್‌ಮೀಡಿನ ಮಕ್ಕಳ ಆಸ್ಪತ್ರೆಯಲ್ಲಿ ದುಡಿದರು. ಅಳಿಯನ ಕಣ್ಣಿನ ನೀಲಿಯನ್ನು ಹಿಡಿದ ಆ ಯುವ ವೈದ್ಯೆ ಕಲಿತದ್ದೂ ಆ ಸಾಲಿನ ಪಾಠವೇ.

ತಂಗಿ ಅಲ್ಲಿಯವರೆಗೂ ಸುಮ್ಮನಿದ್ದಳು. ಕೊನೆಗೆ ಕೇಳಿದಳು, “ಇದು ಯಾರ ಕಡೆಯಿಂದ ಬಂತು?” ಸಲಹೆಗಾರ್ತಿ, ತಂದೆ ತಾಯಿ ಇಬ್ಬರ ರಕ್ತ ಕೊಟ್ಟರೆ ತಿಳಿಯುತ್ತದೆ, ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಬರುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ ಎಂದರು. ಇಬ್ಬರೂ ಕೊಟ್ಟರು.

ಇನ್ನು ಔಷಧಿ. ಇಲ್ಲಿ ನಮ್ಮ ಕಸುಬಿನ ಬೇಸರವನ್ನೂ ಹೇಳಿಬಿಡುತ್ತೇವೆ. ರೆಲೆನ್ಜಾದ ಕಥೆಯಲ್ಲಿ ಆಕಾರ ಗೊತ್ತಾಗಿ 16 ವರ್ಷದಲ್ಲಿ ಔಷಧಿ ಬಂತು. ಕೊಲಾಜೆನ್ನಿನ ಆಕಾರ ಗೊತ್ತಾಗಿ 70 ವರ್ಷವಾದರೂ ಆ ಹೊಸೆತವನ್ನು ಸರಿಮಾಡುವ ಔಷಧಿ ನಮ್ಮ ಕಪಾಟಿನಲ್ಲಿಲ್ಲ. ಇರುವುದು ಝೋಲೆಡ್ರೋನಿಕ್ ಆಮ್ಲ. ಮುಟ್ಟು ನಿಂತ ಹೆಂಗಸರ ಮೂಳೆ ಸವೆತಕ್ಕೆ, ಮೂಳೆಗೆ ಹರಡಿದ ಕ್ಯಾನ್ಸರಿಗೆ ನಾವು ವಾರವಾರ ಕೊಡುವ ಅದೇ ಔಷಧಿ. ಅದು ಮೂಳೆ ಕರಗುವುದನ್ನು ನಿಧಾನ ಮಾಡುತ್ತದೆ, ಕೆಟ್ಟ ಹಗ್ಗವನ್ನು ಒಳ್ಳೆಯದು ಮಾಡುವುದಿಲ್ಲ. ಆದರೂ ಮೂಳೆಯ ಸಾಂದ್ರತೆ ಏರುತ್ತದೆ, ಅದು ಸಣ್ಣ ಮಾತಲ್ಲ. ಕೊಡುವ ಮೊದಲು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸರಿಯಾಗಿದೆಯೇ ನೋಡಬೇಕು, ಹಲ್ಲು ತೋರಿಸಿರಬೇಕು, ಕ್ಯಾಲ್ಸಿಯಂ ಇರುವ ಡ್ರಿಪ್ಪಿನಲ್ಲಿ ಬೆರೆಸಬಾರದು, ಅವಸರದಲ್ಲಿ ಏರಿಸಬಾರದು. ಅಲ್ಲಿನ ದಾದಿ ಇದನ್ನೆಲ್ಲ ಒಂದೊಂದಾಗಿ ನೋಡಿ ಗುರುತು ಹಾಕುವುದನ್ನು ಕಂಡು, ರಜೆಯಲ್ಲಿದ್ದರೂ ನಮ್ಮ ಕೈ ಪೆನ್ನಿಗೆ ತಡಕಾಡಿತು.

ಮೊದಲ ಡೋಸ್ ನಾವಿರುವಾಗಲೇ ಆಯಿತು. ಮೊದಲ ಸಲ ಜ್ವರ, ಮೈಕೈ ನೋವು ಬರುತ್ತದೆ ಎಂದು ಮೊದಲೇ ಹೇಳಿದ್ದರಿಂದ ಯಾರೂ ಹೆದರಲಿಲ್ಲ. ರಾತ್ರಿ ಜ್ವರ ಬಂತು, ಪ್ಯಾರಸಿಟಮಾಲ್ ಕೊಟ್ಟೆವು, ಗಂಜಿ ಕುಡಿದು ಮಲಗಿದ. ಮೂರನೇ ದಿನ ಎದ್ದು “ಕಾಂಗರೂಗೂ ಜ್ವರ ಬರುತ್ತಾ ಮಾವ?” ಎಂದ.

ಪೋಷಕರ ವರದಿ ಬಂದದ್ದು ಸೆಪ್ಟೆಂಬರಿನಲ್ಲಿ, ನಾವು ಇಲ್ಲಿ ಡ್ಯೂಟಿಗೆ ಮರಳಿದ ಮೇಲೆ. ಇಬ್ಬರಲ್ಲೂ ಇಲ್ಲ. ಮಗುವಿನಲ್ಲೇ ಹೊಸದಾಗಿ ಆದದ್ದು. ಇದರಿಂದ ಆ “ಬಹುಶಃ” ಹೋಯಿತು, ಈಗ ವರದಿಯಲ್ಲಿ “ರೋಗಕಾರಕ” ಎಂದಷ್ಟೇ ಇದೆ. ಇನ್ನೊಂದು ಮಗುವಾದರೆ ಮತ್ತೆ ಬರುವ ಸಾಧ್ಯತೆ ಸೊನ್ನೆಯಲ್ಲ, ಬಹಳ ಕಡಿಮೆ ಎಂದಿದ್ದಾರೆ. ಭಾವ ಹೀಗೆ ಹೇಳಿ ಫೋನನ್ನು ತಂಗಿಯ ಕೈಗೆ ಕೊಟ್ಟರು.

“ಅಣ್ಣ, ಊರಿಗೆ ಫೋನ್ ಮಾಡಿ ಅತ್ತೆಗೆ ಹೇಳಿದೆ.”

“ಏನಂದರು?”

“ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಹಾಗಾದ್ರೆ ಯಾರ ಕಡೆಯದ್ದೂ ಅಲ್ವಾ ಅಂದ್ರು. ಅಲ್ಲ ಅತ್ತೆ ಅಂದೆ. ಮಗುವಿಗೆ ಮುಂದಿನ ಇಂಜೆಕ್ಷನ್ ಯಾವಾಗ ಅಂತ ಕೇಳಿದ್ರು.”